ನಾಲ್ಕನೆಯ ಪ್ರಶ್ನೆಗೆ ಬರೆದ ಸುಳ್ಳು

ನಮ್ಮ ಸಂಸ್ಥೆಯ ತಿಂಗಳ ವರದಿಯಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ವಿದ್ಯಾರ್ಥಿ ಶಾಲೆಗೆ ತಪ್ಪದೆ ಹೋಗುತ್ತಿದ್ದಾಳೆಯೇ, ಊಟ ನಿದ್ದೆ ಹೇಗಿದೆ, ಯಾರಾದರೂ ಗೆಳತಿಯರಾಗಿದ್ದಾರೆಯೇ, ಇಂಥವು. ನಾಲ್ಕನೆಯದು ಇಷ್ಟೇ: ಈ ತಿಂಗಳು ನೀವು ವಿದ್ಯಾರ್ಥಿಯನ್ನು, ಅವಳು ಉಳಿದುಕೊಂಡಿರುವ ಮನೆಯವರು ಯಾರೂ ಇಲ್ಲದ ಕಡೆ, ಒಂಟಿಯಾಗಿ ಮಾತಾಡಿಸಿದಿರಾ? ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಆ ಪ್ರಶ್ನೆಗೆ ನಾನು ಎರಡು ಸಲ ಸುಳ್ಳು ಬರೆದಿದ್ದೇನೆ.

ಈಚೆಗೆ ಈ ಕೆಲಸಕ್ಕೆ ಸೇರಿಕೊಂಡ ಇಬ್ಬರು ಕನ್ನಡದ ಹುಡುಗಿಯರು ಮನೆಗೆ ಬಂದು, "ಆಂಟಿ, ನಿಮ್ಮ ಎಕ್ಸ್‌ಪೀರಿಯನ್ಸ್ ಒಂದಿಷ್ಟು ಬರೆದುಕೊಡಿ, ನಮಗೆ ಯೂಸ್ ಆಗತ್ತೆ" ಅಂದರು. ಅವರು ನಿರೀಕ್ಷಿಸಿದ್ದು ಬಹುಶಃ ಯಾವ ಫಾರ್ಮನ್ನು ಯಾವಾಗ ಕಳಿಸಬೇಕು ಎಂಬಂಥ ಸಲಹೆ. ಅದೆಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ. ನಾನು ಕೊಡಬಹುದಾದದ್ದು ನನ್ನ ತಪ್ಪುಗಳು ಮಾತ್ರ. ಅದರಲ್ಲಿ ದೊಡ್ಡದನ್ನೇ ಬರೆಯುತ್ತೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಗದಗಿನವಳು. ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಹತ್ತಿರದ ವಾಲ್‌ನಟ್ ಎಂಬ ಊರಿಗೆ ಬಂದ ಮೇಲೆ ಇಲ್ಲಿಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಬಹಳ ವರ್ಷ ಹಾಜರಾತಿ ನೋಡಿಕೊಂಡೆ. ಯಾವ ಮಗು ಬಂದಿಲ್ಲ, ಯಾಕೆ ಬಂದಿಲ್ಲ ಎಂದು ಮನೆಗಳಿಗೆ ಫೋನ್ ಮಾಡುವ ಕೆಲಸ. ಅದರ ಜತೆಗೇ ಬೇರೆ ದೇಶದ ಹುಡುಗ ಹುಡುಗಿಯರನ್ನು ಒಂದು ವರ್ಷದ ಓದಿಗೆ ಕರೆಸುವ ಒಂದು ಸಂಸ್ಥೆಯ ಲೋಕಲ್ ಕೋಆರ್ಡಿನೇಟರ್ ಆದೆ. ಮಕ್ಕಳಿಗೆ ಮನೆ ಹುಡುಕಬೇಕು, ಶಾಲೆಯಲ್ಲಿ ಸೀಟು ಕೇಳಬೇಕು, ಮನೆಯವರ ಹಿನ್ನೆಲೆ ತಪಾಸಣೆ ಮಾಡಿಸಬೇಕು, ಆಮೇಲೆ ಹತ್ತು ತಿಂಗಳು ಆ ಮಗುವಿನ ಮೇಲೆ ಒಂದು ಕಣ್ಣಿಟ್ಟಿರಬೇಕು. ಮನೆಯವರು ಯಾವ ಪ್ರತಿಫಲವೂ ಇಲ್ಲದೆ ಇಟ್ಟುಕೊಳ್ಳುತ್ತಾರೆ. ಹದಿನಾರು ವರ್ಷದ, ಯಾರದೋ ಮಗು, ಸಮುದ್ರದಾಚೆಯಿಂದ ಬಂದು ನಿಮ್ಮ ಹೆಸರಿನ ಮುಂದೆ ಇರುತ್ತದೆ. ಹತ್ತು ತಿಂಗಳೂ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತೀರಿ. ಅಭ್ಯಾಸ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೋವಿಡ್ ಬಂದ ಮಾರ್ಚಿನಲ್ಲಿ ನನ್ನ ಹೆಸರಿನಲ್ಲಿ ಐದು ಮಕ್ಕಳಿದ್ದರು. ಒಂದು ವಾರದೊಳಗೆ ಎಲ್ಲರನ್ನೂ ಊರಿಗೆ ಕಳಿಸಿ ಎಂದು ಸಂಸ್ಥೆಯಿಂದ ಆದೇಶ ಬಂತು. ನಾಲ್ವರು ಹೇಗೋ ಹೋದರು. ಪಕ್ಕದ ಊರು ವೆಸ್ಟ್ ಕೊವಿನಾದ ಒಂದು ಮನೆಯಲ್ಲಿದ್ದ ಇಟಲಿಯ ಹುಡುಗನೊಬ್ಬನ ವಿಮಾನ ಮಾತ್ರ ಮೂರು ಸಲ ರದ್ದಾಯಿತು. ಅವನ ಊರಿನ ಸುದ್ದಿ ಟೀವಿಯಲ್ಲಿ ದಿನವೂ ಬರುತ್ತಿತ್ತು. ಅವನ ತಾಯಿ ಫೋನ್ ಮಾಡಿ ಅಳುವಳು, ಇಟ್ಟುಕೊಂಡ ಮನೆಯವರು ತಮ್ಮ ಮನೆಯ ಅಜ್ಜಿಗೆ ಏನಾದರೂ ಆದೀತೆಂದು ಹೆದರುವರು, ನಾನು ಇಬ್ಬರಿಗೂ ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದೆ. ಕೊನೆಗೆ ಖಾಲಿ ಹೊಡೆಯುತ್ತಿದ್ದ ಲಾಸ್ ಏಂಜಲೀಸ್ ಏರ್‌ಪೋರ್ಟಿನಲ್ಲಿ ಅವನನ್ನು ಬಿಟ್ಟು ಬಂದೆ. ಅವನು ಮನೆ ಮುಟ್ಟಿದ ಸಂದೇಶ ಬರುವವರೆಗೆ ಆ ವಿಮಾನ ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತಲೇ ಕೂತಿದ್ದೆ.

ಅದರ ಮುಂದಿನ ವರ್ಷ ಮಕ್ಕಳೇ ಬರಲಿಲ್ಲ. ಆಮೇಲೆ ಬರತೊಡಗಿದಾಗ ಮನೆಗಳಿರಲಿಲ್ಲ. ಮೊದಲೆಲ್ಲ ಚರ್ಚಿನ ಹಿರಿಯರೊಬ್ಬರಿಗೆ ಹೇಳಿದರೆ ಮೂರು ಮನೆ ಸಿಗುತ್ತಿದ್ದವು. ಈಗ ಎಲ್ಲರಿಗೂ ಹೊರಗಿನವರೆಂದರೆ ಅಂಜಿಕೆ. ಮನೆ ನೋಡುವ ರೀತಿಯೂ ಬದಲಾಗಿತ್ತು. ಸ್ವಲ್ಪ ಕಾಲ ಜೂಮಿನಲ್ಲೇ ನೋಡಬೇಕಿತ್ತು. ಮನೆಯವರು ಫೋನ್ ಹಿಡಿದು ಕೋಣೆ ಕೋಣೆ ತೋರಿಸುತ್ತ ನಡೆಯುವರು. ಒಬ್ಬ ಗೃಹಸ್ಥರು ಒಂದು ಬಾಗಿಲ ಮುಂದೆ ಬಂದಾಗಲೆಲ್ಲ ಫೋನನ್ನು ಚಾವಣಿಗೆ ತಿರುಗಿಸುತ್ತಿದ್ದರು. ಒಳಗೆ ಏನಿದೆಯೋ ಎಂದು ನನಗೆ ಬೆವರು. ಪಟ್ಟು ಹಿಡಿದು ತೆಗೆಸಿದರೆ ಮಡಿಸದ ಬಟ್ಟೆಯ ಗುಡ್ಡೆ. ಅದು ನಗುವ ವಿಷಯವೇ, ಆದರೆ ಆಗ ನನಗೆ ನಗು ಬರಲಿಲ್ಲ.

ಹೀಗೆ ಮನೆ ಸಿಗದೆ ಒದ್ದಾಡುತ್ತಿದ್ದಾಗಲೇ ನಾನು ನಮ್ಮವರನ್ನು ಕೇಳತೊಡಗಿದ್ದು. ದೀಪಾವಳಿ, ಸಂಕ್ರಾಂತಿ ಅಂತ ಕನ್ನಡದವರು ಸೇರಿದಲ್ಲೆಲ್ಲ ತಟ್ಟೆ ಹಿಡಿದುಕೊಂಡೇ ನಮ್ಮ ಕಾರ್ಯಕ್ರಮದ ಬಗ್ಗೆ ಹೇಳುತ್ತಿದ್ದೆ. ಜನ ನನ್ನನ್ನು ಕಂಡರೆ ಪಲ್ಯದ ಕಡೆ ಜಾರಿಕೊಳ್ಳುವಷ್ಟು ಹೇಳಿದೆ. ನಮ್ಮ ಮನೆಯವರು, "ಸಾಕ್ ಮಾಡು ಮಾರಾಯ್ತಿ, ಇನ್ಮ್ಯಾಲ ನಮ್ಮನ್ಯಾರೂ ಕರಿಯಂಗಿಲ್ಲ" ಎಂದು ಗೊಣಗಿದರು.

ಒಪ್ಪಿಕೊಂಡದ್ದು ವಿದ್ಯಾ. ಸ್ಯಾನ್ ಡಿಯಾಗೊದ ಕಾರ್ಮೆಲ್ ವ್ಯಾಲಿಯಲ್ಲಿ ಮನೆ, ನಮ್ಮಲ್ಲಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಬೆಂಗಳೂರಿನವಳು. ಗಂಡ ಹರೀಶ್ ಟೆಲಿಕಾಂ ಇಂಜಿನಿಯರ್, ಮಗಳು ಅನಘಾಗೆ ಹನ್ನೊಂದು ವರ್ಷ. "ಒಬ್ಳೇ ಮಗಳು ಆಂಟಿ, ಅವಳಿಗೂ ಅಕ್ಕ ಸಿಕ್ಕ ಹಾಗಾಗತ್ತೆ" ಅಂದಳು. ನಾನು ಅವಳ ಕೈ ಹಿಡಿದುಕೊಂಡು ಥ್ಯಾಂಕ್ಸ್ ಅಂದೆ. ಆ ದಿನದಿಂದಲೇ ನಾನು ಅವಳ ಋಣದಲ್ಲಿ ಬಿದ್ದೆ. ಮೇಲ್ವಿಚಾರಣೆ ಮಾಡಬೇಕಾದವಳು ಋಣದಲ್ಲಿ ಬೀಳಬಾರದು ಎಂಬುದು ಆಗ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಪೆಟ್ರಾ ಬಂದಳು. ಸ್ಲೊವಾಕಿಯಾದ ಹುಡುಗಿ, ಹದಿನಾರು ವರ್ಷ, ಉದ್ದನೆಯ ಕೈಕಾಲು, ಮೆಲುದನಿ. ಅವಳ ತಾಯಿ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವರು. ತನ್ನ ಬಗ್ಗೆ ಬರೆದ ಪತ್ರದಲ್ಲಿ ಅವಳು, ನನಗೆ ಐದು ಬಗೆಯ ಸೂಪ್ ಮಾಡಲು ಬರುತ್ತದೆ, ನಿಮಗೆಲ್ಲ ಮಾಡಿಕೊಡುತ್ತೇನೆ ಎಂದು ಬರೆದಿದ್ದಳು. ಅದನ್ನು ಓದಿ ವಿದ್ಯಾಗೆ ಬಹಳ ಖುಷಿಯಾಗಿತ್ತು.

ಸೆಪ್ಟೆಂಬರಿನ ಭೇಟಿಗೆ ಹೋದಾಗ ವಿದ್ಯಾ ಶ್ಯಾವಿಗೆ ಉಪ್ಪಿಟ್ಟು ಮಾಡಿದ್ದಳು. ಪೆಟ್ರಾ ಮೇಜಿನ ಒಂದು ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಹೇಗಿದೀಯಮ್ಮ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಚೆನ್ನಾಗಿದ್ದೇನೆ. ಇವರು ತುಂಬಾ ಒಳ್ಳೆಯವರು" ಅಂದಳು.

ನಿಯಮದ ಪ್ರಕಾರ ನಾನು ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಎದ್ದೆ ಕೂಡ. "ಇವಳನ್ನ ಇಲ್ಲೇ ಒಂದು ಕಾಫಿಗೆ ಕರ್ಕೊಂಡು ಹೋಗಿ ಬರ್ತೀನಿ ವಿದ್ಯಾ" ಅಂದೆ.

"ಕಾಫಿಗಾ? ಎಲ್ಲಿಗೆ ಆಂಟಿ? ಡಿಕಾಕ್ಷನ್ ಹಾಕಿದೀನಲ್ಲ, ಕೂತ್ಕೊಳ್ಳಿ. ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದು ಹೊರಗಡೆ ಕಾಫಿ ಕುಡೀತೀರಾ?"

ಕೂತೆ. ಮನೆಯವಳ ಎದುರಿಗೆ, ನಿನ್ನ ಬಗ್ಗೆ ಈ ಹುಡುಗಿಯನ್ನು ಗುಟ್ಟಾಗಿ ವಿಚಾರಿಸಬೇಕು, ನೀನಿರಬಾರದು ಎಂದು ಹೇಗೆ ಹೇಳುವುದು? ಅಮೆರಿಕನ್ನರ ಮನೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ, ನಾಲಗೆ ತೊಡರಿಲ್ಲ. ನಮ್ಮವರ ಮನೆಯಲ್ಲಿ, ಅವರ ಉಪ್ಪಿಟ್ಟು ತಿಂದ ಬಾಯಲ್ಲಿ, ಬರಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತು ಫೋನಿನಲ್ಲೇ ವರದಿ ತುಂಬಿದೆ. ನಾಲ್ಕನೆಯ ಪ್ರಶ್ನೆಗೆ ಹೌದು ಎಂದು ಒತ್ತಿದೆ. ಎದೆ ಸ್ವಲ್ಪ ಹೊಡೆದುಕೊಂಡಿತು, ಸುಳ್ಳಲ್ಲ. ಹುಡುಗಿ ಚೆನ್ನಾಗಿಯೇ ಇದ್ದಾಳಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಅಕ್ಟೋಬರಿನಲ್ಲೂ ಹಾಗೆಯೇ ಆಯಿತು, ಮತ್ತು ಅದಕ್ಕಿಂತ ಕೆಟ್ಟದ್ದಾಯಿತು. ಊಟಕ್ಕೆ ಕೂತಿದ್ದೆವು. ಪೆಟ್ರಾ ಎದುರಿಗಿದ್ದಳು. ವಿದ್ಯಾ ಬಡಿಸುತ್ತ ಕನ್ನಡದಲ್ಲಿ ಹೇಳಿದಳು: "ಆಂಟಿ, ಒಂದು ತಮಾಷೆ ಕೇಳಿ. ಬಂದ ಹೊಸದರಲ್ಲಿ ಈ ಪೆಟ್ರಾ ಹೆಲ್ಪ್ ಮಾಡ್ತೀನಿ ಅಂತ ಬಂದ್ಲು. ಹುಳಿ ಕುದೀತಿತ್ತು. ಸೌಟಲ್ಲಿ ತಗೊಂಡು ಬಾಯಿಗಿಟ್ಟು ರುಚಿ ನೋಡಿ, ಅದೇ ಸೌಟನ್ನ ವಾಪಸ್ಸು ಪಾತ್ರೆಗೆ ಹಾಕಿ ಆಡಿಸಿಬಿಟ್ಲು. ನನಗೆ ಏನು ಮಾಡಬೇಕೋ ಗೊತ್ತಾಗ್ಲಿಲ್ಲ. ಸಂಜೆ ಗೆಸ್ಟ್ಸ್ ಬೇರೆ ಬರೋರಿದ್ರು. ಅವಳು ಆ ಕಡೆ ಹೋದ ಮೇಲೆ ಅಷ್ಟೂ ಚೆಲ್ಲಿ ಬೇರೆ ಮಾಡಿದೆ."

"ಅಯ್ಯ, ಹೇಳ್ಬೇಕಿತ್ತು ಅವಳಿಗೆ" ಅಂದೆ ನಾನು, ನಗುತ್ತಲೇ.

"ಪಾಪ, ಹೇಗೆ ಹೇಳೋದು? ಬೇಜಾರು ಮಾಡ್ಕೊಂಡ್ರೆ? ಅವತ್ತಿಂದ ಅಡುಗೆಮನೆಗೆ ಬಂದ್ರೆ ನೀನು ಆರಾಮಾಗಿ ಕೂತ್ಕೊಳಮ್ಮ ಅಂತೀನಿ ಅಷ್ಟೇ. ತಟ್ಟೇನೂ ತೊಳೆಯೋಕೆ ಬಿಡಲ್ಲ. ರಾಣಿ ಥರ ನೋಡ್ಕೊತಿದೀನಿ."

ಇಬ್ಬರೂ ನಕ್ಕೆವು. ಪೆಟ್ರಾಗೆ ಕನ್ನಡ ಬರುವುದಿಲ್ಲ. ಅವಳು ನಮ್ಮಿಬ್ಬರ ಮುಖವನ್ನೂ ನೋಡಿ ತಾನೂ ಸ್ವಲ್ಪ ನಕ್ಕಳು. ಮಾತಿನ ನಡುವೆ ಅವಳ ಹೆಸರು ಬಂದಿತ್ತು ಎಂಬುದು ನನಗೆ ನೆನಪಾದದ್ದು ಬಹಳ ತಡವಾಗಿ. ಅಂದೂ ಕಾರಿನಲ್ಲಿ ಕೂತು ಹೌದು ಎಂದು ಒತ್ತಿದೆ. ಈ ಸಲ ಎದೆ ಹೊಡೆದುಕೊಳ್ಳಲೂ ಇಲ್ಲ.

ಅಕ್ಟೋಬರಿನ ಕೊನೆಯ ಶುಕ್ರವಾರ ನಾಲ್ಕು ಗಂಟೆಗೆ ವಿದ್ಯಾಳ ಫೋನ್ ಬಂತು. ಧ್ವನಿಯೇ ಬೇರೆಯಾಗಿತ್ತು.

"ಆಂಟಿ, ಪೆಟ್ರಾ ಇಲ್ಲ. ಸ್ಕೂಲ್ ಮುಂದೆ ಪಿಕಪ್ ಲೈನಲ್ಲಿ ನಿಂತೇ ಇದೀನಿ, ಎಲ್ಲಾ ಮಕ್ಕಳೂ ಹೋದ್ರು, ಅವಳು ಬರ್ಲೇ ಇಲ್ಲ. ಫೋನ್ ಆಫ್ ಇದೆ. ಆಫೀಸಲ್ಲಿ ಕೇಳಿದೆ, ಕೊನೇ ಕ್ಲಾಸಲ್ಲಿ ಇದ್ಲಂತೆ."

"ಫ್ರೆಂಡ್ಸ್ ಜೊತೆ ಹೋಗಿರ್ಬಹುದು ನೋಡು."

"ಅವಳಿಗೆ ಫ್ರೆಂಡ್ಸ್ ಇದಾರಾ ಆಂಟಿ? ನಿಮಗೇನಾದ್ರೂ ಹೇಳಿದ್ಲಾ?"

ವರದಿಯಲ್ಲಿ ನಾನು ಇಬ್ಬರು ಗೆಳತಿಯರಿದ್ದಾರೆ ಎಂದು ಬರೆದಿದ್ದೆ. ಅವರ ಹೆಸರು ಕೇಳಿರಲಿಲ್ಲ.

ನಾನು ಕಾರಿನ ಕೀಲಿ ಎತ್ತಿಕೊಂಡದ್ದೇ ನಮ್ಮ ಮನೆಯವರು ಅದನ್ನು ಕಿತ್ತುಕೊಂಡರು. "ನಾ ಹೊಡೀತೀನಿ. ನೀ ಹೊಡದ್ರ ಇಬ್ರೂ ಮುಟ್ಟೂದಿಲ್ಲ" ಅಂದರು. ಹೊರಡುವ ಮೊದಲು ನನ್ನ ಮೇಲಧಿಕಾರಿ ಡೆನಿಸ್‌ಗೆ ಫೋನ್ ಮಾಡಿದೆ. ಡೆನಿಸ್ ದನಿ ಏರಿಸದ ಹೆಂಗಸು. ಅವಳು ಶಾಂತವಾಗಿದ್ದಷ್ಟೂ ನಮಗೆ ಭಯ ಹೆಚ್ಚು. "ಏಳು ಗಂಟೆಯವರೆಗೆ ನೋಡುತ್ತೇನೆ. ಅಷ್ಟರಲ್ಲಿ ಸಿಗದಿದ್ದರೆ ಪೊಲೀಸರಿಗೆ ಹೇಳುತ್ತೇನೆ, ಅವಳ ತಂದೆತಾಯಿಗೆ ಹೇಳುತ್ತೇನೆ. ಪೊಲೀಸ್ ವರದಿಯಾದರೆ ಅವಳ ವರ್ಷ ಅಲ್ಲಿಗೆ ಮುಗಿಯಿತು, ಊರಿಗೆ ಕಳಿಸಬೇಕಾಗುತ್ತದೆ. ಅದು ನಿಮಗೆ ಗೊತ್ತಿದೆ" ಅಂದಳು. ಗೊತ್ತಿತ್ತು.

ಶುಕ್ರವಾರ ಸಂಜೆ ಲಾಸ್ ಏಂಜಲೀಸ್ ಕಡೆಯಿಂದ ಸ್ಯಾನ್ ಡಿಯಾಗೊಗೆ ಹೋಗುವ ದಾರಿ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಐದನೇ ನಂಬರ್ ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು. ಅರ್ಧ ದಾರಿಯ ಸ್ಯಾನ್ ಕ್ಲೆಮೆಂಟಿ ದಾಟುವಾಗಲೇ ಐದೂಮುಕ್ಕಾಲು. ಬಲಕ್ಕೆ ಸಮುದ್ರ. ಬೇರೆ ದಿನವಾದರೆ ಕಿಟಕಿ ಇಳಿಸುತ್ತಿದ್ದೆ. ಅಂದು ಆ ನೀರು ಕಂಡರೆ ಕೆಟ್ಟ ಕೆಟ್ಟ ಯೋಚನೆ ಬರುತ್ತಿತ್ತು. ಆ ಹುಡುಗಿ ಈಜು ಬಲ್ಲಳೇ ಎಂಬುದೂ ನನಗೆ ಗೊತ್ತಿಲ್ಲ ಎಂದು ಹೊಳೆಯಿತು. ಎರಡು ತಿಂಗಳಲ್ಲಿ ನಾನು ಅವಳ ಬಗ್ಗೆ ತಿಳಿದುಕೊಂಡದ್ದೇನು? ಚೆನ್ನಾಗಿದ್ದೇನೆ ಎಂಬ ಒಂದು ಮಾತು, ಅದೂ ಮನೆಯೊಡತಿಯ ಎದುರಿಗೆ. ಕಾರಿನಲ್ಲಿ ಕೂತು ದೇವರೇ ದೇವರೇ ಅನ್ನುತ್ತ ಹೋದೆ. ಹತ್ತು ನಿಮಿಷಕ್ಕೊಮ್ಮೆ ವಿದ್ಯಾಳ ಫೋನ್. ಹರೀಶ್ ಬೀಚಿನ ಕಡೆ ಹೋಗಿ ಹುಡುಕುತ್ತಿದ್ದಾನೆ, ವಿದ್ಯಾ ಮಾಲಿನಲ್ಲಿ ನೋಡಿದ್ದಾಳೆ, ಎಲ್ಲೂ ಇಲ್ಲ.

ಆರೂನಲವತ್ತಕ್ಕೆ ಶಾಲೆ ಮುಟ್ಟಿದೆವು. ಆಫೀಸಿಗೆ ಬೀಗ ಬಿದ್ದಿತ್ತು. ಆವತ್ತು ಫುಟ್‌ಬಾಲ್ ಪಂದ್ಯ. ಪಾರ್ಕಿಂಗ್ ತುಂಬಾ ಕಾರು, ಬ್ಯಾಂಡಿನ ಸದ್ದು. ನಾನು ಅಷ್ಟು ವರ್ಷ ಶಾಲೆಯ ಆಫೀಸಿನಲ್ಲಿ ಇದ್ದು ಕಲಿತ ಒಂದೇ ಒಂದು ಉಪಯೋಗದ ವಿಷಯವೆಂದರೆ, ಮಕ್ಕಳು ಎಲ್ಲಿದ್ದಾರೆ ಎಂದು ಪ್ರಿನ್ಸಿಪಾಲರಿಗೆ ಗೊತ್ತಿರುವುದಿಲ್ಲ, ಕಸ ಹೊಡೆದು ಬೀಗ ಹಾಕುವವರಿಗೆ ಗೊತ್ತಿರುತ್ತದೆ. ಗೇಟಿನ ಬಳಿ ಕಸದ ಡಬ್ಬಿ ತಳ್ಳಿಕೊಂಡು ಹೋಗುತ್ತಿದ್ದ ವಯಸ್ಸಾದವರಿಗೆ ಫೋನಿನಲ್ಲಿದ್ದ ಪೆಟ್ರಾಳ ಫೋಟೋ ತೋರಿಸಿದೆ.

"ಓ, ಪಾತ್ರೆ ತೊಳೆಯುವ ಹುಡುಗಿ" ಅಂದರು ಅವರು. "ಮಧ್ಯಾಹ್ನ ದಿನಾ ಕ್ಯಾಂಟೀನಿನಲ್ಲಿ ಇರುತ್ತಾಳೆ. ಇವತ್ತು ಪಂದ್ಯ ಇದೆಯಲ್ಲ, ಮೈದಾನದ ಹಿಂದೆ, ತಿಂಡಿ ಮಾರುವ ಕೋಣೆಯಲ್ಲಿ ನೋಡಿ."

ಓಡಿದೆ. ನನ್ನ ವಯಸ್ಸಿಗೆ ಓಡಬಾರದ ಓಟ. ತಿಂಡಿ ಕೋಣೆಯ ಹಿಂಬಾಗಿಲಲ್ಲಿ ಪೆಟ್ರಾ ತೋಳು ಮೇಲೆ ಸರಿಸಿಕೊಂಡು ದೊಡ್ಡ ದೊಡ್ಡ ಟ್ರೇಗಳನ್ನು ಉಜ್ಜುತ್ತಿದ್ದಳು. ಪಕ್ಕದಲ್ಲಿ ಯಾರದೋ ತಾಯಿ, "ಇದನ್ನೂ ತಗೋ ಪೆಟ್ರಾ, ಮೂಲೆ ಸರಿಯಾಗಿ ಉಜ್ಜು" ಎನ್ನುತ್ತಿದ್ದರು. ಪೆಟ್ರಾ ನಗುತ್ತಿದ್ದಳು. ಎರಡು ತಿಂಗಳಲ್ಲಿ ನಾನು ನೋಡದ ನಗು.

ನನ್ನನ್ನು ಕಂಡದ್ದೇ ಅವಳ ಮುಖ ಇಳಿದುಹೋಯಿತು. ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆಮೇಲೆ ಡೆನಿಸ್‌ಗೂ ವಿದ್ಯಾಗೂ ಸಿಕ್ಕಿದಳು ಎಂದು ತಿಳಿಸಿದೆ. ಏಳಕ್ಕೆ ಹತ್ತು ನಿಮಿಷ ಇತ್ತು.

ಅಂದು ಮೊದಲ ಸಲ ನಾನು ಅವಳನ್ನು ಒಂಟಿಯಾಗಿ ಮಾತಾಡಿಸಿದೆ, ಕಾರಿನ ಹಿಂದಿನ ಸೀಟಿನಲ್ಲಿ. ನಮ್ಮ ಮನೆಯವರು ಹೊರಗೆ ನಿಂತಿದ್ದರು. ಫೋನ್ ಯಾಕೆ ಆಫ್ ಮಾಡಿದೆ ಎಂದು ಕೇಳಿದೆ.

"ಆನ್ ಇದ್ದರೆ ಎಲ್ಲಿದ್ದೇನೆಂದು ಅದರಲ್ಲೇ ನೋಡಿ ವಿದ್ಯಾ ಬರುತ್ತಾರೆ. ಕಾರಿನಲ್ಲಿ ಊಟ ತಂದಿರುತ್ತಾರೆ. ತಟ್ಟೆ ಕೂಡ ನನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ" ಅಂದಳು. ಮೇಲೆ ಸರಿಸಿದ್ದ ತೋಳನ್ನು ಕೆಳಗೆ ಎಳೆದುಕೊಂಡಳು. "ನಾನು ಕೊಳಕು ಎಂದು ಅವರು ತಿಳಿದಿದ್ದಾರೆ. ನಾನು ಮುಟ್ಟಿದ ಸಾರನ್ನು ಸಿಂಕಿಗೆ ಸುರಿದದ್ದನ್ನು ನೋಡಿದೆ. ಇಡೀ ಪಾತ್ರೆ. ಆಮೇಲೆ ನನ್ನನ್ನು ಏನನ್ನೂ ಮುಟ್ಟಲು ಬಿಟ್ಟಿಲ್ಲ. ನಾನು ಮಾಂಸ ತಿನ್ನುತ್ತೇನೆ ಅಂತಲಾ? ನೀವು ಬಂದಾಗ ನಿಮಗೂ ಅದನ್ನೇ ಹೇಳಿದರು ಅಲ್ಲವಾ? ನೀವಿಬ್ಬರೂ ನಕ್ಕಿರಿ."

ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಎಂಜಲು ಎಂದರೇನೆಂದು ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದೆ. ಬಾಯಿಗಿಟ್ಟ ಸೌಟನ್ನು ಪಾತ್ರೆಗೆ ಹಾಕಿದ್ದರೆ ನಮ್ಮಮ್ಮ ನನಗೆ ಅದೇ ಸೌಟಿನಿಂದ ಎರಡು ಬಿಗಿಯುತ್ತಿದ್ದಳು ಎಂದೆ. ನಿನ್ನ ಕೈಯಲ್ಲ, ನಿನ್ನ ಊಟವಲ್ಲ, ನೀನಲ್ಲ, ಯಾರು ಮಾಡಿದ್ದರೂ ಚೆಲ್ಲುತ್ತಿದ್ದರು ಎಂದೆ. ಅವಳು ಕೇಳಿಸಿಕೊಂಡಳು. ಬುದ್ಧಿವಂತೆ, ಅರ್ಥವಾಯಿತು.

"ಅಷ್ಟೇನಾ? ಹಾಗಾದರೆ ಯಾಕೆ ಹೇಳಲಿಲ್ಲ? ನಾನು ಒಂದು ನಿಮಿಷದಲ್ಲಿ ಕಲಿತುಬಿಡುತ್ತಿದ್ದೆ."

"ನೀನು ಅತಿಥಿ ಅಂತ. ಅತಿಥಿಗೆ ತಪ್ಪು ತೋರಿಸಬಾರದು ಅಂತ."

"ನೀವು ಮೊದಲು ಕಳಿಸಿದ ಪೇಪರಿನಲ್ಲಿ ಅತಿಥಿ ಅಲ್ಲ, ಮನೆಯ ಮಗಳು ಅಂತ ಇತ್ತು" ಅಂದಳು ಪೆಟ್ರಾ. "ಬೇರೆ ಮನೆ ಕೊಡಿ. ಇಲ್ಲದಿದ್ದರೆ ಊರಿಗೆ ಕಳಿಸಿ. ಜೂನ್ ತನಕ ಹೋಟೆಲಿನಲ್ಲಿ ಇದ್ದಂತೆ ಇರಲು ನನ್ನಿಂದ ಆಗುವುದಿಲ್ಲ."

ಬೇರೆ ಮನೆ ಇರಲಿಲ್ಲ. ಅದೇ ಶಾಲೆಯ ಆಸುಪಾಸಿನಲ್ಲಿ ಇನ್ನೊಂದು ಮನೆಗಾಗಿ ನಾನು ಬೇಸಿಗೆಯಿಡೀ ಅಲೆದು ಸೋತಿದ್ದೆ. ಊರಿಗೆ ಕಳಿಸುವುದೊಂದೇ ದಾರಿ ಎಂಬಂತಿತ್ತು. ಅಷ್ಟರಲ್ಲಿ ಡೆನಿಸ್ ಮತ್ತೆ ಫೋನ್ ಮಾಡಿದಳು. ಕಾರಿನಿಂದ ಇಳಿದು ದೂರ ಹೋಗಿ ಮಾತಾಡಿದೆ.

"ನಿಮ್ಮ ಎರಡೂ ವರದಿ ನನ್ನ ಮುಂದಿವೆ" ಅಂದಳು. "ಸೆಪ್ಟೆಂಬರ್, ಅಕ್ಟೋಬರ್, ಎರಡರಲ್ಲೂ ಒಂಟಿಯಾಗಿ ಮಾತಾಡಿಸಿದ್ದೇನೆ, ಯಾವ ತೊಂದರೆಯೂ ಇಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಹುಡುಗಿ ನಿಮ್ಮ ಹತ್ತಿರ ಮುಚ್ಚಿಟ್ಟು, ಹೇಳದೆ ಕೇಳದೆ ಹೋಗಿದ್ದಾಳೆ. ಅವಳನ್ನು ನಂಬುವುದು ಕಷ್ಟ. ವಾಪಸ್ಸು ಕಳಿಸುವುದೇ ಸರಿ ಅನಿಸುತ್ತದೆ. ನೀವು ಅವಳನ್ನು ಒಂಟಿಯಾಗಿ ಮಾತಾಡಿಸಿದಿರಿ, ಅಲ್ಲವೇ?"

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತೆಂದರೆ, ಆ ಪದ ಬಾಯಿಯಲ್ಲೇ ಇತ್ತು. ಎರಡು ಸಲ ಆಗಲೇ ಬರೆದುಬಿಟ್ಟಿದ್ದೆ. ಹುಡುಗಿ ಹೊಂದಿಕೊಳ್ಳಲಿಲ್ಲ ಎಂದು ಒಂದು ಸಾಲು ಬರೆದರೆ ಮುಗಿಯಿತು, ವಿದ್ಯಾಗೂ ಕೆಟ್ಟ ಹೆಸರಿಲ್ಲ, ನನಗೂ ಇಲ್ಲ. ಪಾರ್ಕಿಂಗಿನಲ್ಲಿ ನಿಂತು ಕಾರಿನ ಕಡೆ ನೋಡಿದೆ. ಕಾರಿನ ಗಾಜಿನಾಚೆ ಪೆಟ್ರಾ ಕೈ ಒರೆಸಿಕೊಳ್ಳುತ್ತಿದ್ದಳು, ಬೆರಳುಗಳು ಸೋಪಿನ ನೀರಿಗೆ ಸುಕ್ಕಾಗಿದ್ದವು.

"ಇಲ್ಲ" ಅಂದೆ. "ಒಂದು ಸಲವೂ ಇಲ್ಲ. ಎರಡೂ ಸುಳ್ಳು."

ಡೆನಿಸ್ ಅದನ್ನು ಬರೆದುಕೊಳ್ಳುವ ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ, "ಹಾಗಾದರೆ ಅವಳಿಗೆ ಹೇಳಲು ಯಾರೂ ಇರಲಿಲ್ಲ" ಅಂದಳು. ಬೈದಿದ್ದರೆ ಸಹಿಸುತ್ತಿದ್ದೆ. ಪೆಟ್ರಾಳಿಗೆ ಎರಡು ವಾರದ ಕಾಲಾವಕಾಶ ಸಿಕ್ಕಿತು, ಅಷ್ಟರಲ್ಲಿ ಆ ಮನೆಯಲ್ಲೇ ಸರಿಹೋದರೆ ಇರಬಹುದು, ಇಲ್ಲವಾದರೆ ಊರಿಗೆ. ನನ್ನನ್ನು ಅವಳ ಜವಾಬ್ದಾರಿಯಿಂದ ತೆಗೆದು ಬೇರೊಬ್ಬ ಕೋಆರ್ಡಿನೇಟರ್‌ಗೆ ಕೊಟ್ಟರು. ಮುಂದೆ ನಾನು ಆ ಮನೆಗೆ ಭೇಟಿಗೆ ಹೋಗುವಂತಿರಲಿಲ್ಲ.

ಆದರೆ ಅಂದು ಅವಳನ್ನು ಮನೆಗೆ ಬಿಡುವುದು ನನ್ನ ಕೆಲಸವೇ ಆಗಿತ್ತು. ವಿದ್ಯಾ ಬಾಗಿಲಲ್ಲೇ ಪೆಟ್ರಾಳನ್ನು ತಬ್ಬಿಕೊಂಡಳು. ಪೆಟ್ರಾ ಮರದ ಹಾಗೆ ನಿಂತಳು. ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತ ಮೇಲೆ ನಾನು ನಡೆದದ್ದನ್ನು ಹೇಳಿದೆ, ಮೊದಲು ನನ್ನ ಸುಳ್ಳು, ಆಮೇಲೆ ಹುಳಿ. ವಿದ್ಯಾಳ ಮುಖ ಕೆಂಪಾಯಿತು.

"ನಾನು ಅವಳನ್ನ ಕೊಳಕು ಅಂದ್ನಾ ಆಂಟಿ? ಎರಡು ತಿಂಗಳಿಂದ ಒಂದು ಲೋಟ ಎತ್ತೋಕೆ ಬಿಟ್ಟಿಲ್ಲ ಅವಳನ್ನ. ನಮ್ಮ ಮನೆಗೆ ಬಂದ ಮಗು ಅಂತ. ಏನು ಕಮ್ಮಿ ಮಾಡ್ದೆ ಹೇಳಿ" ಎಂದು ಅಳತೊಡಗಿದಳು. ಹರೀಶ್ ಏನೂ ತೋಚದೆ ನೀರು ತಂದಿಟ್ಟ. ಅವಳಿಗೆ ಸಿಟ್ಟೂ ಬಂದಿತ್ತು. ಮನೆಯ ಮಾತನ್ನು ನಾನು ಹೀಗೆ ಬಯಲಿಗೆ ಹಾಕಿದೆನೆಂದು. ಆ ಸಿಟ್ಟು ನ್ಯಾಯವಾದದ್ದೇ.

ಆಮೇಲೆ ಅವಳು ಕಣ್ಣೊರೆಸಿಕೊಂಡು ಪೆಟ್ರಾ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎಂಜಲನ್ನು ವಿವರಿಸಲು ಹೊರಟಳು. ಶುದ್ಧ, ಸಂಪ್ರದಾಯ, ಆರೋಗ್ಯ ಅಂತ ಎಲ್ಲೆಲ್ಲೋ ಹೋದಳು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅನಘಾ ಇಂಗ್ಲಿಷಿನಲ್ಲಿ ಹೇಳಿದಳು: "ಅಮ್ಮಾ, ಇಟ್ಸ್ ಜಸ್ಟ್ ಸ್ಪಿಟ್. ಪೆಟ್ರಾ, ಅದೇನೂ ದೊಡ್ಡ ವಿಷಯ ಅಲ್ಲ. ನಾನು ಬಾಟಲಿಗೆ ಬಾಯಿ ಹಚ್ಚಿ ಕುಡಿದರೆ ಅಮ್ಮ ದಿನಾ ಕೂಗಾಡ್ತಾಳೆ."

"ನಿನಗೆ ಕೂಗಾಡ್ತಾರೆ" ಅಂದಳು ಪೆಟ್ರಾ. "ನನಗೆ ಇಲ್ಲ."

ವಿದ್ಯಾ ಅವಳನ್ನು ನೋಡಿದಳು. ಹರೀಶ್ ತಂದಿಟ್ಟ ನೀರನ್ನು ಎತ್ತಿ ಕುಡಿದಳು. ಸ್ವಲ್ಪ ಹೊತ್ತಿಗೆ ನಾವು ಹೊರಟೆವು. ವಿದ್ಯಾ ನನ್ನನ್ನು ಊಟ ಮಾಡಿಕೊಂಡು ಹೋಗಿ ಅನ್ನಲಿಲ್ಲ.

ಆ ಎರಡು ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಫೋನ್ ಮಾಡುವಂತಿಲ್ಲ, ಹೋಗುವಂತಿಲ್ಲ. ಡೆನಿಸ್ ಏನೂ ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಎರಡು ವಾರ ಮುಗಿದ ಮೇಲೂ ಸುದ್ದಿಯಿಲ್ಲ. ಹೋದಳೋ ಇದ್ದಾಳೋ ತಿಳಿಯದು. ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದೆ. "ಆಕಿ ತನ್ನ ಊರಾಗ ತನ್ನ ಅವ್ವನ ಕಡೆ ಆರಾಮ ಇರ್ತಾಳ, ನೀ ಯಾಕ ಸೊರಗ್ತಿ" ಎಂದು ನಮ್ಮ ಮನೆಯವರು ಸಮಾಧಾನ ಮಾಡಿದರೆ ಇನ್ನೂ ಸಂಕಟವಾಗುತ್ತಿತ್ತು. ಆ ಹುಡುಗಿ ಸೋತು ಹೋದೆ ಎಂದುಕೊಂಡು ಹೋಗಿದ್ದರೆ, ಅದು ನನ್ನ ಎರಡು ಗುರುತುಗಳಿಂದ.

ಹೊಸಬರಿಗೆ ನಾನು ಹೇಳುವುದು ಇಲ್ಲೇ ಬರುತ್ತದೆ. ನಮ್ಮವರ ಮನೆಗಳಲ್ಲಿ ಮಕ್ಕಳನ್ನು ಇಡಿ, ಖಂಡಿತ ಇಡಿ, ಅಷ್ಟು ಪ್ರೀತಿಯಿಂದ ನೋಡಿಕೊಳ್ಳುವವರು ಬೇರೆ ಸಿಗಲಾರರು. ಆದರೆ ಮೊದಲ ದಿನವೇ, ಕಾಫಿ ಕುಡಿಯುವ ಮೊದಲೇ, ತಿಂಗಳಿಗೊಮ್ಮೆ ನಾನು ಹುಡುಗಿಯನ್ನು ಒಬ್ಬಳನ್ನೇ ಹೊರಗೆ ಕರೆದುಕೊಂಡು ಹೋಗುತ್ತೇನೆ, ನೀವು ಬೇಜಾರು ಮಾಡಿಕೊಳ್ಳಬಾರದು ಎಂದು ಹೇಳಿಬಿಡಿ. ಆಮೇಲೆ ಹೇಳಲು ಆಗುವುದಿಲ್ಲ. ಮನೆಯವರಿಗೂ ಹೇಳಿ, ಹುಡುಗಿ ತಪ್ಪು ಮಾಡಿದರೆ ಆ ಕ್ಷಣವೇ ಹೇಳಿ, ಗದರಿ, ಕೆಲಸ ಹಚ್ಚಿ ಎಂದು. ಅವರು ಒಪ್ಪುವುದಿಲ್ಲ. ಒಪ್ಪುವವರೆಗೆ ಹೇಳಿ.

ಜನವರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದಾಗ ವಿದ್ಯಾಳ ಫೋನ್ ಬಂತು. ಮೂರು ತಿಂಗಳ ನಂತರ. ಹೆಸರು ಕಂಡದ್ದೇ ಮಡಿಸಿಟ್ಟ ಬಟ್ಟೆಯ ಮೇಲೇ ಕೂತುಬಿಟ್ಟೆ.

"ಆಂಟಿ, ನೀವು ಸ್ವಲ್ಪ ಪೆಟ್ರಾಗೆ ಬುದ್ಧಿ ಹೇಳ್ಬೇಕು" ಅಂದಳು, ಹೇಗಿದ್ದೀರಿ ಎಂದು ಕೂಡ ಕೇಳದೆ. "ನನ್ನ ಮಾತೇ ಕೇಳಲ್ಲ. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡ ಅಂತ ನೂರು ಸಲ ಹೇಳಿದೀನಿ. ಇವತ್ತು ತಡ್ಕೊಳಕ್ಕೆ ಆಗ್ಲಿಲ್ಲ, ಚೆನ್ನಾಗಿ ಬೈದೆ. ಎದುರು ಮಾತಾಡಿದ್ಲು ಆಂಟಿ. ನೀನೂ ಚಪ್ಪಲಿ ಎಲ್ಲೆಲ್ಲೋ ಬಿಡ್ತೀಯ ಅಂದ್ಲು. ನನಗೆ. ಆಮೇಲೆ ದಢಾರ್ ಅಂತ ಬಾಗಿಲು ಹಾಕ್ಕೊಂಡ್ಲು."

"ನಾನೀಗ ಅವಳ ಕೋಆರ್ಡಿನೇಟರ್ ಅಲ್ಲಮ್ಮ" ಅಂದೆ. ಆದರೂ ಕೇಳಿದೆ, "ಆಮೇಲೆ ಏನಾಯ್ತು?"

"ಏನಾಗತ್ತೆ? ಹಸಿವಾದಾಗ ಬಂದ್ಲು. ಇಬ್ರೂ ಮುಖ ಊದಿಸ್ಕೊಂಡು ಊಟ ಮಾಡಿದ್ವಿ. ಈಗ ಪಾತ್ರೆ ತೊಳೀತಿದಾಳೆ, ಬೇಕಂತ್ಲೇ ಸದ್ದು ಮಾಡ್ಕೊಂಡು. ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ನಾನು ಒದ್ದೆ ಕಣ್ಣು ಸೆರಗಿನಲ್ಲಿ ಒರೆಸಿಕೊಂಡೆ. "ಬಿಡು ವಿದ್ಯಾ" ಅಂದೆ, "ಅವಳು ಜೂನ್ ತನಕ ಇರ್ತಾಳೆ."